10 ಅಡಿ ಫಿಶಿಂಗ್ ಕಯಾಕ್: ಕೆರೆಯಲ್ಲೂ ಉಪ್ಪುನೀರಲ್ಲೂ ಎರಡು ವರ್ಷ ಓಡಿಸಿದ ಮೇಲೆ

ಬೆಂಗಳೂರಲ್ಲಿ ಇದ್ಕೊಂಡು ಫಿಶಿಂಗ್ ಕಯಾಕ್, ಅಂದ್ರೆ ಹುಟ್ಟು ಹಾಕ್ಕೊಂಡು ಹೋಗಿ ಮೀನು ಹಿಡಿಯೋ ಸಣ್ಣ ಬೋಟು, ತಗೊಳ್ಳೋ ಯೋಚನೆ ಇದ್ರೆ ಮೊದಲು ಟೇಪ್ ಹಿಡ್ಕೊಂಡು ಮನೆ ಕೆಳಗಿನ ಪಾರ್ಕಿಂಗ್ ಅಳೀರಿ, ಬೇರೆ ಮಾತೆಲ್ಲ ಆಮೇಲೆ. ನಂದು 10 ಅಡಿ ಉದ್ದ, ಎರಡೂವರೆ ಅಡಿ ಅಗಲ, ಸೀಟು ಬಿಚ್ಚಿಟ್ರೆ 27 ಕೆಜಿ. ನಾವಿರೋದು ವಿಜಯನಗರದಲ್ಲಿ ಎರಡನೇ ಮಹಡಿ ಬಾಡಿಗೆ ಮನೆ, ಮೆಟ್ಟಿಲ ತಿರುವಲ್ಲಿ ಇದು ತಿರುಗೋದೇ ಇಲ್ಲ, ಕೊನೆಗೆ ಓನರ್ ಆಂಟಿನೇ ಪಾರ್ಕಿಂಗ್ ಗೋಡೆಗೆ ಎರಡು ಕೊಂಡಿ ಹಾಕಿಸ್ಕೊಳ್ಳಪ್ಪ ಅಂದ್ರು, ಅವತ್ತಿಂದ ಅಲ್ಲೇ ನೇತಾಡ್ತಿದೆ. ಅವ್ರು ಒಪ್ಪದೇ ಇದ್ದಿದ್ರೆ ಈ ರಿವ್ಯೂನೇ ಇರ್ತಿರಲಿಲ್ಲ.

ಬೋಟು, ಹುಟ್ಟು, ಸೀಟು, ಗಾಳದ ಕೋಲು ಸಿಗಿಸೋ ಎರಡು ರಾಡ್ ಹೋಲ್ಡರ್ ಎಲ್ಲ ಸೇರಿ 38 ಸಾವಿರ ಆಯ್ತು. ಕಂಪನಿ ಹೆಸರು, ಅಂಗಡಿ ಹೆಸರು ಬರೀತಿಲ್ಲ, ಇದೇ ಥರದ್ದು ಬೇರೆ ಬೇರೆ ಹೆಸರಲ್ಲಿ ಸಿಗತ್ತೆ, ನಾನು ಹೇಳೋದು ಈ ಜಾತಿ ಬೋಟಿಗೆಲ್ಲ ಅನ್ವಯಿಸತ್ತೆ. ಇದು ಸಿಟ್ ಆನ್ ಟಾಪ್, ಅಂದ್ರೆ ಒಳಗೆ ಕಾಲು ತೂರಿಸಿ ಕೂರೋದಲ್ಲ, ಮೇಲೇ ಕೂರೋದು, ಒಳಗೆ ಪೂರ್ತಿ ಟೊಳ್ಳು, ಪಾಲಿಥಿನ್ ಪುಡಿನ ಅಚ್ಚಲ್ಲಿ ಹಾಕಿ ಬಿಸಿ ಮಾಡ್ತಾ ತಿರುಗಿಸಿ ಮಾಡ್ತಾರಲ್ಲ, ನಮ್ಮ ಮನೆ ಮೇಲಿನ ಸಿಂಟೆಕ್ಸ್ ಥರದ ಟ್ಯಾಂಕ್ ಮಾಡೋ ಹಾಗೇನೇ, ಆ ವಿಧಾನ. ಬಂಡೆಗೆ ಉಜ್ಜಿದ್ರೂ ಗೀರು ಬೀಳತ್ತೆ ಅಷ್ಟೇ, ಒಡೆಯಲ್ಲ. ಗಾಳಿ ತುಂಬೋ ಕಯಾಕೂ ನೋಡಿದ್ದೆ, ಬ್ಯಾಗಲ್ಲಿ ಮಡಚಿ ಬೀರು ಮೇಲೆ ಇಡಬಹುದು, ಫ್ಲ್ಯಾಟಲ್ಲಿರೋರಿಗೆ ಅದೇ ಸುಲಭ, ಆದ್ರೆ ಮೂರು ಮೊನೆಯ ಟ್ರೆಬಲ್ ಹುಕ್ಕು, ಮೀನಿನ ಮುಳ್ಳು, ನದಿ ಕಡಲು ಸೇರೋ ಅಳಿವೆಯ ಕಲ್ಲಿಗೆ ಅಂಟಿರೋ ಸಿಂಪಿ ಚಿಪ್ಪು, ಇವೆಲ್ಲದರ ಮಧ್ಯ ಗಾಳಿ ಚೀಲದ ಮೇಲೆ ಕೂರೋಕೆ ನನಗೆ ಧೈರ್ಯ ಬರಲಿಲ್ಲ.

ಮೊದಲ ಆರು ತಿಂಗಳು ಬರೀ ಸಿಹಿನೀರು. ಕನಕಪುರ ರೋಡ್ ಕಡೆ ಗೆಳೆಯನ ತಮ್ಮನ ತೋಟದ ಪಕ್ಕ ಒಂದು ಕೆರೆ ಇದೆ, ಮೀನಿನ ಗುತ್ತಿಗೆ ಹಿಡಿದಿರೋರ ಹತ್ರ ಕೇಳ್ಕೊಂಡು ಇಳೀತಿದ್ವಿ. ಇದನ್ನ ಒತ್ತಿ ಹೇಳ್ತೀನಿ, ಬೋಟಿದೆ ಅಂತ ಕಂಡ ಕಂಡ ಕೆರೆಗೆ ಇಳಿಯೋ ಹಾಗಿಲ್ಲ, ಕೆರೆ, ಜಲಾಶಯಗಳ ಮೀನಿನ ಹಕ್ಕು ಮೀನುಗಾರಿಕೆ ಇಲಾಖೆ ಮೂಲಕ ಗುತ್ತಿಗೆದಾರರಿಗೋ ಮೀನುಗಾರರ ಸೊಸೈಟಿಗೋ ಹೋಗಿರತ್ತೆ, ಅವರು ಮರಿ ಬಿಟ್ಟಿರ್ತಾರೆ, ಅದು ಅವರ ಅನ್ನ. ಕೇಳಿದ್ರೆ ಎಷ್ಟೋ ಜನ ಬೇಡ ಅನ್ನಲ್ಲ, ಕೊರವ ಹಿಡ್ಕೊಳ್ಳಿ, ಕಟ್ಲಾ ಬಿಟ್ಬಿಡಿ ಅಂತಾರೆ, ಯಾಕಂದ್ರೆ ಕೊರವ ಅವರ ಮರಿನೇ ತಿನ್ನತ್ತೆ. ಇನ್ನು ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಕಡೆ ಹೋಗೋಣ ಅಂತ ಮೆಸೇಜ್ ಮಾಡೋರಿಗೆ ಒಂದೇ ಉತ್ತರ, ಅದು ಕಾವೇರಿ ವನ್ಯಜೀವಿ ಧಾಮ, ಅಲ್ಲಿ ಗಾಳ ಹಾಕೋ ಹಾಗಿಲ್ಲ. ಅಲ್ಲಿನ ಬಿಳಿ ಮೀನು, ಬೆನ್ನು ಗೂನಾಗಿರೋ ಆ ಮಹಶೀರು, 2018ರಲ್ಲಿ ಅತ್ಯಂತ ಅಳಿವಿನಂಚಿನ ಪಟ್ಟಿಗೆ ಸೇರಿದೆ, ಅದರ ತಂಟೆಗೆ ಹೋಗೋದು ಬೇಡ. ಮೊಸಳೆ ಇರೋ ನೀರಿಗೂ ಇದನ್ನ ಇಳಿಸಬೇಡಿ, ಕೂತಾಗ ನಿಮ್ಮ ಸೊಂಟ ನೀರಿಂದ ಒಂದು ಗೇಣು ಮೇಲಿರತ್ತೆ ಅಷ್ಟೇ.

ಕೊರವ ಹಿಡಿಯೋಕೆ ಈ ಬೋಟು ನಿಜವಾಗ್ಲೂ ಹೇಳಿ ಮಾಡಿಸಿದ ಹಾಗಿದೆ. ದಡದಲ್ಲಿ ನಿಂತು ಗಾಳ ಬೀಸಿ ಕ್ಯಾಸ್ಟ್ ಮಾಡ್ತಿದ್ದಾಗ ತಾವರೆ ಎಲೆ, ಜೊಂಡು ಹಿಂದಿರೋ ಜಾಗ ಬರೀ ಕಣ್ಣಿಗೆ ಕಾಣ್ತಿತ್ತು, ಕೈಗೆ ಸಿಗ್ತಿರಲಿಲ್ಲ. ಈಗ ನಾಲ್ಕು ಇಂಚು ನೀರಿದ್ರೂ ಸಾಕು, ಜೊಂಡು ಸರಿಸ್ಕೊಂಡು ಒಳಗೆ ಹೋಗಿ, ಹುಟ್ಟು ತೊಡೆ ಮೇಲಿಟ್ಟು, ಐದು ನಿಮಿಷ ಸುಮ್ಮನೆ ಕೂತ್ರೆ ನೀರು ಮತ್ತೆ ತಣ್ಣಗಾಗತ್ತೆ, ಆಮೇಲೆ ಗುಳುಕ್ ಅಂತ ಒಂದು ಗುಳ್ಳೆ, ಕೊರವ ಗಾಳಿ ಕುಡಿಯೋಕೆ ಮೇಲೆ ಬಂದಿದ್ದು, ಆ ಜಾಗದಿಂದ ಒಂದು ಮಾರು ಆಚೆ ಕಪ್ಪೆ ಲ್ಯೂರ್, ಅಂದ್ರೆ ಕಪ್ಪೆ ಥರದ ನಕಲಿ ಎರೆ, ಹಾಕಿ ಎಳೀತಾ ಬಂದ್ರೆ ಎಲೆ ಸಮೇತ ಬಾಯಿಗೆ ಹಾಕ್ಕೊಳತ್ತೆ. ಒಂದು ಸಮಸ್ಯೆ ಏನಂದ್ರೆ ಬೋಟು ಟೊಳ್ಳು ಅಲ್ವಾ, ಹಿಮ್ಮಡಿ ತಾಗಿದ್ರೂ ತಮಟೆ ಬಡಿದ ಹಾಗೆ ನೀರೊಳಗೆ ಸದ್ದು ಹೋಗತ್ತೆ, ಹಳೇ ಯೋಗಾ ಮ್ಯಾಟ್ ಕತ್ತರಿಸಿ ಕಾಲಿಡೋ ಕಡೆ ಅಂಟಿಸಿದ ಮೇಲೆ ಎಷ್ಟೋ ವಾಸಿ. ಮಳೆಗಾಲ ಶುರುವಾದಾಗ ಕೆಂಪಗೆ ಸಣ್ಣ ಮರಿಗಳ ಗುಂಪು ಮೇಲೆ ಕುದೀತಿರೋದು ಕಂಡ್ರೆ ಅಲ್ಲಿ ಲ್ಯೂರ್ ಹಾಕಬೇಡಿ, ಕೆಳಗೆ ತಾಯಿ ತಂದೆ ಕಾವಲಿರ್ತಾವೆ, ಕಾಯೋ ಸಿಟ್ಟಿಗೆ ಕಚ್ಚತ್ತೆ, ಅದನ್ನ ಎತ್ಕೊಂಡು ಹೋದ್ರೆ ಆ ಮರಿಗಳೆಲ್ಲ ಜಿಲೇಬಿ ಮೀನಿನ ಪಾಲು.

ಹಾಸನದ ಕಡೆ ಹೇಮಾವತಿ ಹಿನ್ನೀರಿಗೂ ನಾಲ್ಕು ಸಲ ಹೋಗಿದೀವಿ, ಅಲ್ಲಿ ಸೊಸೈಟಿಯವರು ಪರಿಚಯ. ನೀರು ಇಳಿಯೋ ಮಾರ್ಚ್, ಏಪ್ರಿಲ್ಲಲ್ಲಿ ಹಳೇ ಮರದ ಬೊಡ್ಡೆಗಳು ತಲೆ ಎತ್ತಿರ್ತಾವೆ, ಅದರ ಮಧ್ಯ ನುಗ್ಗೋಕೆ ಫೈಬರ್ ದೋಣಿಯವರು ಹಿಂದೆ ಮುಂದೆ ನೋಡ್ತಾರೆ, ನನಗೆ ಆ ಚಿಂತೆ ಇಲ್ಲ. ಆದ್ರೆ ಬಯಲು ನೀರಲ್ಲಿ ಗಾಳಿ ಎದ್ರೆ 10 ಅಡಿ ಬೋಟಿನ ಕಷ್ಟ ಗೊತ್ತಾಗತ್ತೆ, ಮೂತಿ ಗಾಳಿ ಕಡೆ ನಿಲ್ಲಲ್ಲ, ಒಂದು ಕ್ಯಾಸ್ಟ್ ಮಾಡೋಷ್ಟರಲ್ಲಿ 20 ಅಡಿ ಜಾರಿರತ್ತೆ. ಅಲ್ಲಿನ ಹರಿಗೋಲಿನ ಅಜ್ಜ ಒಬ್ಬರು ಇದನ್ನ ಸುತ್ತಿ ಸುತ್ತಿ ನೋಡಿ, ನೀರಿಗೆ ಇಳಿಸಿ ಒಂದು ರೌಂಡು ಹೊಡ್ಕೊಂಡು ಬಂದು, 'ಓಡಕ್ಕೆ ಚೆನ್ನಾಗದೆ ಕಣಪ್ಪ, ಬಲೆ ಬಿಡಕ್ಕೆ ಮಾತ್ರ ನಮ್ ತೆಪ್ಪನೇ ಸರಿ' ಅಂದ್ರು. ನೂರಕ್ಕೆ ನೂರು ನಿಜ. ದುಂಡಗಿರೋ ಹರಿಗೋಲು ನಿಂತ ಕಡೆ ತಿರುಗತ್ತೆ, ಇದು ಗೆರೆ ಎಳೆದ ಹಾಗೆ ಮುಂದಕ್ಕೆ ಹೋಗೋದಕ್ಕೆ ಮಾಡಿರೋದು. ಗಾಳ ಹಾಕ್ಕೊಂಡು ಕೂರಬೇಕಂದ್ರೆ ಒಂದೂವರೆ ಕೆಜಿ ಮಡಚೋ ಆಂಕರ್ ಇಟ್ಕೊಳ್ಳಿ, ಹಗ್ಗನ ಯಾವತ್ತೂ ಬೋಟಿನ ಮೂತಿಗೋ ಹಿಂದಿನ ತುದಿಗೋ ಕಟ್ಟಿ, ಪಕ್ಕಕ್ಕೆ ಕಟ್ಟಿದ್ರೆ ಸೆಳೆತ ಬಂದಾಗ ಬೋಟನ್ನ ಮಗ್ಗುಲಿಗೆ ಎಳೆದು ಕವುಚಿ ಹಾಕತ್ತೆ. ಅಲ್ಲಿ ರಾಗಿ ಮುದ್ದೆ, ಕಡ್ಲೆಕಾಯಿ ಹಿಂಡಿ ಕಲಸಿ ಬೆಂಡು ಕಟ್ಟಿ ಕೂತಿದ್ದಾಗ ಆರು ಕೆಜಿ ಚಿಲ್ಲರೆ ಕಟ್ಲಾ ಕಚ್ಚಿ ಬೋಟ್ ಸಮೇತ ನನ್ನನ್ನ ಎಳ್ಕೊಂಡು ಹೋಯ್ತು, ಹತ್ತು ನಿಮಿಷ, ರೀಲಲ್ಲಿ ದಾರಕ್ಕೆ ಬ್ರೇಕ್ ಥರ ಇರೋ ಡ್ರ್ಯಾಗ್ ಕಿರ್ರ್ ಅಂತಿದೆ, ಬೋಟು ತಾನಾಗೇ ಹೋಗ್ತಿದೆ, ದಡದ ಮೇಲೆ ನಿಂತು ಹಿಡಿದ 20 ವರ್ಷದಲ್ಲಿ ಅಂಥ ಹತ್ತು ನಿಮಿಷ ನನಗೆ ಸಿಕ್ಕಿರಲಿಲ್ಲ. ಸೊಸೈಟಿಯವರಿಗೆ ತೋರಿಸಿ ಅಲ್ಲೇ ಬಿಟ್ವಿ.

ಈಗ ಉಪ್ಪುನೀರಿನ ವಿಷಯ. ಹೆಂಡತಿ ತವರು ಬ್ರಹ್ಮಾವರದ ಹತ್ರ, ಸ್ವರ್ಣಾ ನದಿ, ಸೀತಾ ನದಿ ಎರಡೂ ಸೇರಿ ಕೋಡಿಬೇಂಗ್ರೆಯಲ್ಲಿ ಕಡಲಿಗೆ ಬೀಳೋ ಕಡೆ. ಇಲ್ಲಿಂದ 400 ಕಿಲೋಮೀಟರ್ ಚಿಲ್ಲರೆ, ಶಿರಾಡಿ ಇಳಿದು ಹೋಗಬೇಕು. ಜೆ.ಸಿ. ರೋಡಲ್ಲಿ ರೂಫ್ ರ‍್ಯಾಕ್ ಹಾಕಿಸಿದೆ, ಅಂಗಡಿಯವನು ಲಾರಿಗೆ ಹಾಕೋ ಥರ ರ‍್ಯಾಚೆಟ್ ಬೆಲ್ಟ್ ಕೊಟ್ಟ, ಅದು ತಪ್ಪು. ಟಕ ಟಕ ಅಂತ ಬಿಗಿದು ನೆಲಮಂಗಲ ದಾಟಿ ಬಿಸಿಲಲ್ಲಿ ಐದು ಗಂಟೆ ಹೋದ ಮೇಲೆ ನೋಡಿದ್ರೆ ತಳದಲ್ಲಿ ರ‍್ಯಾಕ್ ಕಂಬಿ ಆಕಾರದಲ್ಲಿ ಎರಡು ಕಡೆ ತಗ್ಗು. ಪಾಲಿಥಿನ್ ಬಿಸಿಗೆ ಮೆತ್ತಗಾಗಿ ಒತ್ತಿದ ಕಡೆ ಕೂತ್ಬಿಡತ್ತೆ. ಎರಡು ದಿನ ಬಿಸಿಲಲ್ಲಿ ಬೋರಲು ಹಾಕಿ, ತಗ್ಗಿನ ಮೇಲೆ ಕುದಿ ನೀರು ಸುರಿದು ಒಳಗಿಂದ ಒತ್ತಿದ ಮೇಲೆ ಮುಕ್ಕಾಲು ಪಾಲು ಸರಿಹೋಯ್ತು. ಈಗ ಬರೀ ಕ್ಯಾಮ್ ಬಕಲ್ ಬೆಲ್ಟ್, ಕೈಯಲ್ಲಿ ಎಷ್ಟು ಎಳೆಯೋಕಾಗತ್ತೋ ಅಷ್ಟೇ ಬಿಗಿ, ಬೆಲ್ಟಿಗೆ ಒಂದು ತಿರುವು ಕೊಟ್ರೆ ಹೈವೇಯಲ್ಲಿ ಗುಂಯ್ ಅನ್ನೋ ಸದ್ದು ಬರಲ್ಲ, ಮುಂದೆ ಬಾನೆಟ್ ಕಡೆಗೆ ಒಂದು ಹಗ್ಗ ಕಡ್ಡಾಯ.

ಬೆಂಗಳೂರಿನ ನಮಗೆ ಸಮುದ್ರ ಅಂದ್ರೆ ಅಲೆ, ಗಾಳಿ ಇಷ್ಟೇ ತಲೆಯಲ್ಲಿರೋದು. ನಿಜವಾಗಿ ನೋಡಬೇಕಾದ್ದು ಉಬ್ಬರ ಇಳಿತ. ಆರು ಗಂಟೆ ಚಿಲ್ಲರೆ ನೀರು ಒಳಗೆ ಬರತ್ತೆ, ಆರು ಗಂಟೆ ಚಿಲ್ಲರೆ ಹೊರಗೆ ಹೋಗತ್ತೆ, ಮಾರನೇ ದಿನ ಎಲ್ಲ ಸುಮಾರು 50 ನಿಮಿಷ ತಡ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸಲ್ಲಿ ಜೋರು. ಈ ಬೋಟನ್ನ ಬೆವರಿಳಿಸಿ ತಳ್ಳಿದ್ರೆ ಗಂಟೆಗೆ ಐದು ಕಿಲೋಮೀಟರ್, ಅಳಿವೆ ಬಾಗಿಲಲ್ಲಿ ಇಳಿತದ ಸೆಳೆತ ಜೋರಿದ್ದ ದಿನ ಆ ಐದು ಲೆಕ್ಕಕ್ಕೇ ಬರಲ್ಲ. ಮಾವನ ಮನೆ ಪಕ್ಕದ ಹಿರಿಯರು, ಇಡೀ ಜೀವಮಾನ ದೋಣಿಯಲ್ಲೇ ಕಳೆದೋರು, ಮೊದಲ ದಿನವೇ ದಡಕ್ಕೆ ಬಂದು ಹೇಳಿದ್ರು, 'ಇಳ್ತದ್ ಹೊತ್ತಿಗೆ ಅಳ್ವಿ ಬದಿಗ್ ಹೋಪುಕಾಗ ಮಾರಾಯ್ರೆ, ಹೋರೆ ವಾಪಸ್ ಬಪ್ಪುಕಾತಿಲ್ಲೆ.' ಆ ಮಾತನ್ನ ಇವತ್ತಿಗೂ ಮೀರಿಲ್ಲ. ಉಬ್ಬರದ ಜೊತೆ ನದಿ ಒಳಗೆ ಹೋಗಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಹತ್ರ ಮೀನು ಹಿಡ್ಕೊಂಡು, ಇಳಿತ ಶುರುವಾದ ಮೇಲೆ ಅದರ ಜೊತೆನೇ ವಾಪಸ್, ಆದ್ರೆ ಅಳಿವೆಗೆ ತುಂಬಾ ಮುಂಚೆನೇ ದಡ ಹತ್ತೋದು. ಬೆಳಿಗ್ಗೆ ತಣ್ಣಗಿರತ್ತೆ, ಹನ್ನೊಂದರ ಮೇಲೆ ಪಶ್ಚಿಮದ ಕಡಲಗಾಳಿ ಎದ್ರೆ ಮುಗೀತು, ಅಷ್ಟರಲ್ಲಿ ಮನೇಲಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೇ ಕಡಲಿಗೆ ಇಳಿಯೋಕೆ ನಿಷೇಧ ಇರತ್ತೆ, ಹುಟ್ಟು ಹಾಕೋ ಬೋಟಿಗೆ ಆ ನಿಯಮ ತಾಗಲ್ಲ ಅಂತ ವಾದ ಮಾಡೋರು ಆ ದಿನಗಳ ಕಡಲನ್ನ ಒಂದು ಸಲ ದಡದಲ್ಲಿ ನಿಂತು ನೋಡಿ ಬರಲಿ. ನಾನು ಇದರಲ್ಲಿ ತೆರೆದ ಕಡಲಿಗೆ ಹೋಗಿಲ್ಲ, ಅಂಜಲ್ ಮೀನಿನ ಆಸೆ ಇರೋರು ಇದಕ್ಕಿಂತ ಉದ್ದ, ಕಾಲಲ್ಲಿ ಪೆಡಲ್ ತುಳಿಯೋ ಬೋಟು ನೋಡಿ.

ಸಿಹಿನೀರಿಗೂ ಉಪ್ಪುನೀರಿಗೂ ಬೋಟಲ್ಲೇ ಮಾಡ್ಕೋಬೇಕಾದ ಒಂದು ಸಣ್ಣ ಬದಲಾವಣೆ ಇದೆ. ಕೂರೋ ಜಾಗದಲ್ಲಿ ತಳದವರೆಗೆ ತೂತುಗಳಿವೆ, ಸ್ಕಪ್ಪರ್ ಅಂತಾರೆ, ಮೇಲೆ ಬಿದ್ದ ನೀರು ಅದರಿಂದ ಇಳಿದು ಹೋಗತ್ತೆ. ನಾನು 82 ಕೆಜಿ, ಸಾಮಾನು 15 ಕೆಜಿ, ಅಷ್ಟು ಭಾರಕ್ಕೆ ಆ ತೂತಿಂದ ನೀರು ಮೇಲಕ್ಕೂ ಬರತ್ತೆ, ಪ್ಯಾಂಟೆಲ್ಲ ಒದ್ದೆ. ಕೆರೆಯಲ್ಲಿ ರಬ್ಬರ್ ಬಿರಡೆ ಹಾಕಿ ಮುಚ್ಚಿಡ್ತೀನಿ, ಅಲೆ ಇರೋ ಕಡೆ ಬಿರಡೆ ತೆಗೆದಿಡ್ತೀನಿ, ಒದ್ದೆಯಾದ್ರೂ ಪರವಾಗಿಲ್ಲ, ಒಂದು ಅಲೆ ಮೇಲೆ ಹತ್ತಿದ್ರೆ ನೀರು ಅಲ್ಲೇ ನಿಂತು ಬೋಟು ಓಲಾಡೋದು ಅದಕ್ಕಿಂತ ಅಪಾಯ. ಡಬ್ಬದಲ್ಲಿ ಹೇಳಿರೋ 150 ಕೆಜಿ ತೂಕ ನಂಬಬೇಡಿ, 110 ದಾಟಿದ್ರೆ ಇದು ಮರದ ದಿಮ್ಮಿ.

ದೂರು ಇರೋದು ಕಬ್ಬಿಣದ ಸಾಮಾನಿನ ಬಗ್ಗೆ. ಕೆರೆಯಲ್ಲಿ ಆರು ತಿಂಗಳು ಏನೂ ಆಗದೇ ಇದ್ದ ಸ್ಕ್ರೂಗಳು ಉಪ್ಪುನೀರಿಗೆ ಮೂರನೇ ಸಲ ಹೋಗಿ ಬರೋಷ್ಟರಲ್ಲಿ ಕಂದು ಬಣ್ಣ, ಹ್ಯಾಂಡಲ್ ಕೆಳಗಿನ ಅಲ್ಯೂಮಿನಿಯಂ ರಿವೆಟ್ ಸುತ್ತ ಬಿಳಿ ಪುಡಿ. ಎರಡು ಬೇರೆ ಲೋಹ ಉಪ್ಪುನೀರಲ್ಲಿ ಒಂದಕ್ಕೊಂದು ತಾಗ್ತಿದ್ರೆ ಅಲ್ಯೂಮಿನಿಯಂ ಕರಗ್ತಾ ಹೋಗತ್ತೆ, ಇದು ಮಾಡಿದೋರಿಗೆ ಗೊತ್ತಿರಲೇಬೇಕಾದ ವಿಷಯ, 'ಸಾಲ್ಟ್ ವಾಟರ್ ರೆಡಿ' ಅಂತ ಸ್ಟಿಕ್ಕರ್ ಅಂಟಿಸಿ ಮಾರಿದ ಮೇಲೆ ಇದು ಸರಿಯಲ್ಲ. ಅಂಗಡಿಗೆ ಫೋಟೋ ಕಳಿಸಿದೆ, ಕಂಪನಿಗೆ ಕಳಿಸ್ತೀವಿ ಅಂದ್ರು, ನಾಲ್ಕು ಸಲ ಫೋನು ಮಾಡಿದೆ, ಐದನೇ ಸಲ ಎತ್ತಲೇ ಇಲ್ಲ. ಹಿಂದಿನ ಮುಚ್ಚಳದ ರಬ್ಬರ್ ರಿಂಗೂ ವರ್ಷಕ್ಕೇ ಗಟ್ಟಿಯಾಗಿ ಒಳಗೆ ನೀರು ಸೇರ್ತಿತ್ತು, ಅದರ ಸ್ಪೇರೂ ಇಲ್ಲ ಅಂದ್ರು. ಕೊನೆಗೆ ಎಸ್.ಪಿ. ರೋಡಲ್ಲಿ ಒಂದು ಶನಿವಾರ ಪೂರ್ತಿ ಅಲೆದು 316 ಗ್ರೇಡ್ ಸ್ಟೀಲ್ ಸ್ಕ್ರೂ ಹುಡುಕಿದೆ, ಬರೀ ಎಸ್ಎಸ್ ಕೊಡಿ ಅಂದ್ರೆ 304 ಕೊಡ್ತಾರೆ, ಅದು ಅಡುಗೆಮನೆಗೆ ಸಾಕು, ಕಡಲಿಗೆ ಸಾಲಲ್ಲ, 316 ಅಂತ ಬಾಯಿಬಿಟ್ಟು ಕೇಳಿ. ಒಂದೊಂದೇ ಬಿಚ್ಚಿ ಸಿಲಿಕೋನ್ ಹಚ್ಚಿ ಹಾಕಿದ್ದಾಯ್ತು, ಒಟ್ಟು ಖರ್ಚು 900 ರೂಪಾಯಿ ಒಳಗೆ. ಕಂಪನಿಯವರು ಮೊದಲೇ ಹಾಕಿದ್ರೆ ಅವರಿಗೆ ಅದಕ್ಕಿಂತ ಎಷ್ಟೋ ಕಮ್ಮಿಗೆ ಆಗ್ತಿತ್ತು, ಈ ಬೇಸರ ನನಗೆ ಇನ್ನೂ ಹೋಗಿಲ್ಲ.

ಉಪ್ಪುನೀರಿಂದ ಬಂದ ದಿನ ತೊಳೆಯೋದು ಬೋಟಿಗಿಂತ ರೀಲಿಗೆ ಮುಖ್ಯ. ಮೊದಲು ಡ್ರ್ಯಾಗ್ ಪೂರ್ತಿ ಬಿಗಿ ಮಾಡಿ, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೀರಿ, ಕಾರ್ ತೊಳೆಯೋ ಪ್ರೆಷರ್ ಗನ್ ಹಿಡಿದ್ರೆ ಉಪ್ಪು ಬೇರಿಂಗ್ ಒಳಕ್ಕೇ ಹೋಗತ್ತೆ, ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡಿ. ನಮ್ಮ ಬೋರ್ ನೀರು ಗಡಸು, ಒಣಗಿದ್ರೆ ಬಿಳಿ ಕಲೆ ಕೂರತ್ತೆ, ಅದಕ್ಕೆ ಕೊನೆಗೊಂದು ಸಲ ಕಾವೇರಿ ನೀರಲ್ಲಿ ಒದ್ದೆ ಬಟ್ಟೆ ಹಿಂಡಿ ಒರೆಸ್ತೀನಿ.

ಮಗುಚಿದ್ದು ಒಂದೇ ಸಲ, ಅದೂ ಕೆರೆಯಲ್ಲಿ, ಹಿಂದೆ ಇಟ್ಟಿದ್ದ ಡಬ್ಬ ತಗೊಳ್ಳೋಕೆ ತಿರುಗಿದಾಗ. ತಲೆ ಬೋಟಿನ ಅಂಚು ದಾಟಿದ್ರೆ ಮೈ ಹಿಂದೇನೇ ಬರತ್ತೆ, ಇದೊಂದು ನೆನಪಿಟ್ಕೊಳ್ಳಿ. ಲೈಫ್ ಜಾಕೆಟ್ ಹಾಕಿದ್ದೆ, ಯಾವಾಗ್ಲೂ ಹಾಕಿರ್ತೀನಿ, ಹುಟ್ಟಿಗೆ ದಾರ ಇತ್ತು, ರಾಡ್‌ಗೆ ಇರಲಿಲ್ಲ, ರೀಲ್ ಸಮೇತ ಕೆರೆ ತಳಕ್ಕೆ ಹೋಯ್ತು. ಮತ್ತೆ ಹತ್ತೋದು ಹೇಗೆ ಅಂತ ಅದಕ್ಕೂ ಮುಂಚೆನೇ ಎದೆಮಟ್ಟ ನೀರಲ್ಲಿ ನಾಲ್ಕು ದಿನ ಕಲ್ತಿದ್ದೆ, ಬೋಟು ಮೇಲ್ಮುಖ ಮಾಡಿ, ಕಾಲು ಬಡೀತಾ ಹೊಟ್ಟೆ ಮೇಲೆ ಅಡ್ಡ ಮಲಗಿ, ಆಮೇಲೆ ಸೊಂಟ ಹೊರಳಿಸಿ ಕೂರೋದು, ಹಾಗಾಗಿ ಎರಡು ನಿಮಿಷದಲ್ಲಿ ಮೇಲಿದ್ದೆ. ಈ ಅಭ್ಯಾಸ ಆಗದೇ ಅಳಿವೆ ಕಡೆ ತಲೆನೂ ಹಾಕಬೇಡಿ. ಈಗ ಎಲ್ಲದಕ್ಕೂ ದಾರ ಇದೆ, ಸೀಟಿ ಕೊರಳಲ್ಲಿದೆ, ಫೋನು ಡ್ರೈ ಬ್ಯಾಗಲ್ಲಿ ಮೈಮೇಲೇ.

ಸೀಟು ಬಗ್ಗೆ ಜಾಸ್ತಿ ಹೇಳೋದಿಲ್ಲ, ಮೂರು ಗಂಟೆ ಮೇಲೆ ಬೆನ್ನು ನೋಯತ್ತೆ, ಬದಲಾಯಿಸಬೇಕು.

ಉಪ್ಪುನೀರಲ್ಲಿ ಏನು ಸಿಕ್ತು ಅಂತ ಕೇಳೋರಿಗೆ, ಕಾಂಡ್ಲಾ ಬೇರಿನ ಹತ್ರ ಕೆಂಬೇರಿ, ಸೇತುವೆ ಕಂಬದ ನೆರಳಲ್ಲಿ ಸಣ್ಣ ಮುರು, ಒಮ್ಮೊಮ್ಮೆ ಕೊಕ್ಕರ್ ಗುಂಪು. ಗಾಳಕ್ಕೆ ಹಾಕೋಕೆ ಇಲ್ಲಿಂದಲೇ ರಸೆಲ್ ಮಾರ್ಕೆಟ್ ಸಿಗಡಿ ಐಸಲ್ಲಿಟ್ಕೊಂಡು ಹೋಗ್ತಿದ್ದೆ, ಅಲ್ಲಿ ಹೋದ್ರೆ ಮಾವ ಬೆಳಿಗ್ಗೆ ಹಿಡಿದ ಜೀವಂತ ಸಿಗಡಿನೇ ಇಟ್ಟಿರ್ತಾರೆ, ಅದರ ಮುಂದೆ ಇದು ಏನೂ ಅಲ್ಲ. ಹೋದ ಡಿಸೆಂಬರಲ್ಲಿ ಒಂದು ಸೀಬಾಸ್ ಬಿತ್ತು, ನಾಲ್ಕೂವರೆ ಕೆಜಿ, ಮೂರು ಸಲ ನೀರಿಂದ ಮೇಲೆ ಹಾರಿ ತಲೆ ಕೊಡವಿತು, ಅದರ ಕಿವಿರು ಮುಚ್ಚಳ ಬ್ಲೇಡ್ ಥರ ಇರತ್ತೆ, ಹುಕ್ಕಿನ ಹತ್ರ ಕಟ್ಟೋ ದಪ್ಪ ದಾರ, 40 ಪೌಂಡ್ ಲೀಡರ್, ಇದ್ದಿದ್ದಕ್ಕೆ ಉಳೀತು. ಈ ಜಾತಿಯಲ್ಲಿ ಮೀನು ಮೊದಲು ಗಂಡಾಗಿದ್ದು ವಯಸ್ಸಾದ ಮೇಲೆ ಹೆಣ್ಣಾಗತ್ತೆ, ಹಾಗಾಗಿ ತುಂಬಾ ದೊಡ್ಡದು ಸಿಕ್ಕಿದ್ರೆ ಅದು ಹೆಚ್ಚು ಕಮ್ಮಿ ಮೊಟ್ಟೆ ಇಡೋ ತಾಯಿನೇ, ಅಂಥದ್ದನ್ನ ಬಿಡ್ತೀನಿ. ಇದನ್ನ ಮನೆಗೆ ತಂದ್ವಿ, ಅತ್ತೆ ಹುಳಿ ಹಾಕಿ ಸಾರು ಮಾಡಿದ್ರು, ತಲೆ ಭಾಗ ಪಕ್ಕದ ಮನೆ ಹಿರಿಯರಿಗೆ ಹೋಯ್ತು.

ಇನ್ನೊಂದು ಮಾತು, ಬಣ್ಣ. ನಾನು ತಗೊಂಡಿದ್ದು ಕಡು ಹಸಿರು, ಮೀನಿಗೆ ಕಾಣಲ್ಲ ಅಂತ ಅಂಗಡಿಯಲ್ಲಿ ಹೇಳಿದ್ರು. ಮೀನಿನ ಕಥೆ ಹೇಗೋ, ಬೆಳಗಿನ ಮಂಜಲ್ಲಿ ನದಿಯಲ್ಲಿ ಬರೋ ಮೋಟಾರ್ ದೋಣಿಯವರಿಗೆ ನಾನು ಕಾಣ್ತಿರಲಿಲ್ಲ, ಎರಡು ಸಲ ತೀರಾ ಹತ್ರ ಬಂದು ತಿರುಗಿಸ್ಕೊಂಡು ಹೋದ್ರು. ಈಗ ಬುಕ್ ಮಾಡೋರು ಹಳದಿನೋ ಕಿತ್ತಳೆನೋ ತಗೊಳ್ಳಿ. ನನ್ನದಕ್ಕೆ ಹಿಂದಿನ ರಾಡ್ ಹೋಲ್ಡರಲ್ಲಿ ನಾಲ್ಕು ಅಡಿ ಪಿವಿಸಿ ಪೈಪ್ ನಿಲ್ಲಿಸಿ ನವೆಂಬರಲ್ಲಿ ಗಾಡಿಗೆ ಕಟ್ಟಿದ್ದ ಹಳದಿ ಕೆಂಪು ಬಾವುಟ ಕಟ್ಟಿದೀನಿ, ದೂರದಿಂದ ಚೆನ್ನಾಗಿ ಕಾಣತ್ತೆ, ದೋಣಿಯವರು ಈಗ ಮೊದಲೇ ವೇಗ ಕಮ್ಮಿ ಮಾಡಿ ಕೈ ಎತ್ತಿ ಹೋಗ್ತಾರೆ.